ರಷ್ಯಾದಲ್ಲಿ ಊಟಕ್ಕೇನು? ಮಲೆನಾಡಿನ ಮನೆಯವರಿಗೊಂದು ಮಾಹಿತಿ

ಚಾರ್ಮಾಡಿ ಘಾಟಿ ಇಳಿಯುವ ಮುಂಚೆ ಕೊಟ್ಟಿಗೆಹಾರದಲ್ಲಿ ನಿಂತು ನೀರುದೋಸೆ ತಿನ್ನುವುದು ಹಳೆಯ ರೂಢಿ. ಅಂಥದೊಂದು ಹೋಟೆಲಿನ ಬೆಂಚಿನಲ್ಲಿ ಪರಿಚಯದವರೊಬ್ಬರು ಕೇಳಿದರು: "ಮಗಳು ಡಾಕ್ಟರ್ ಓದೋಕೆ ರಷ್ಯಾಕ್ಕೆ ಹೊರಟಿದ್ದಾಳೆ. ಆರು ವರ್ಷ. ಅಲ್ಲಿ ತಿನ್ನೋಕೆ ಏನು ಸಿಗುತ್ತೆ?" ಫೀಸು, ವೀಸಾ ಬಗ್ಗೆ ಹೇಳುವವರು ಬೇಕಾದಷ್ಟು ಜನರಿದ್ದಾರೆ. ಊಟದ ಬಗ್ಗೆ ಕೂತು ಹೇಳುವವರು ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ರಷ್ಯಾದ ಊಟವನ್ನು ಅರ್ಥ ಮಾಡಿಕೊಳ್ಳಲು ಬೇರೆಯವರಿಗಿಂತ ಮಲೆನಾಡಿನವರಿಗೆ ಸುಲಭ. ಜೂನ್ ಬಂತೆಂದರೆ ನಮಗೆ ಹೊರಗೆ ಕಾಲಿಡಲಾಗದ ಜಡಿಮಳೆ. ಅದಕ್ಕೆಂದೇ ಬೇಸಗೆಯಲ್ಲಿ ಹಲಸಿನ ಹಪ್ಪಳ ಒಣಗಿಸುತ್ತೇವೆ. ಅಪ್ಪೆಮಿಡಿಯನ್ನು ಭರಣಿಗೆ ತುಂಬುತ್ತೇವೆ. ಹಲಸಿನ ತೊಳೆಯನ್ನು ಉಪ್ಪುನೀರಿಗೆ ಹಾಕಿಡುತ್ತೇವೆ. ಅವರಿಗೆ ಮಳೆಯ ಜಾಗದಲ್ಲಿ ಹಿಮ. ನವೆಂಬರ್‌ನಿಂದ ಮಾರ್ಚ್‌ವರೆಗೆ ನೆಲ ಬಿಳಿಯಾಗಿ ಮಲಗಿರುತ್ತದೆ, ಹಸಿರು ಚಿಗುರುವುದಿಲ್ಲ. ಹಾಗಾಗಿ ಎಲೆಕೋಸು, ಸೌತೆಕಾಯಿಗಳನ್ನು ಉಪ್ಪಿನಲ್ಲಿ ಹುಳಿ ಬರಿಸಿಡುತ್ತಾರೆ. ಅಣಬೆಯನ್ನು ಒಣಗಿಸಿ ದಾರಕ್ಕೆ ಪೋಣಿಸುತ್ತಾರೆ. ಕಾಡಿನ ಹಣ್ಣುಗಳನ್ನು ಸಕ್ಕರೆಪಾಕದಲ್ಲಿ ಕಾಯಿಸಿ ಸೀಸೆಗೆ ತುಂಬುತ್ತಾರೆ. ಹಳ್ಳಿಮನೆಯ ನಡುವೆ 'ಪೆಚ್' ಎಂಬ ದೊಡ್ಡ ಇಟ್ಟಿಗೆ ಒಲೆ ಇರುತ್ತಿತ್ತು. ಬೆಳಿಗ್ಗೆ ಸೌದೆ ಉರಿಸಿ, ಕೆಂಡ ಸರಿಸಿ, ಮಡಕೆ ಒಳಗಿಟ್ಟರೆ ಆ ಕಾವಿನಲ್ಲೇ ದಿನವಿಡೀ ಬೇಯುತ್ತಿತ್ತು. ರಾತ್ರಿ ಅದರ ಮೇಲೇ ಮಲಗುತ್ತಿದ್ದರು. ಮಳೆಗಾಲದಲ್ಲಿ ಬಚ್ಚಲ ಹಂಡೆ ಒಲೆಯ ಮುಂದೆ ಕೂತು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ದಿನದ ಊಟ. ಬೆಳಿಗ್ಗೆ 'ಕಾಶಾ'. ಯಾವುದೇ ಧಾನ್ಯವನ್ನು ನೀರಿನಲ್ಲೋ ಹಾಲಿನಲ್ಲೋ ಬೇಯಿಸಿದರೆ ಅದು ಕಾಶಾ. ಓಟ್ಸ್, ರವೆ, ಅಕ್ಕಿ ಎಲ್ಲದರಲ್ಲೂ ಮಾಡುತ್ತಾರೆ. ಆದರೆ ಅವರ ಮನಸ್ಸಿಗೆ ಹತ್ತಿರದ್ದು 'ಗ್ರೆಚ್ಕಾ'. ಇಂಗ್ಲಿಷಿನಲ್ಲಿ ಬಕ್‌ವ್ಹೀಟ್, ಉತ್ತರ ಭಾರತದಲ್ಲಿ ಕುಟ್ಟು. ಹೆಸರಿನಲ್ಲಿ 'ವ್ಹೀಟ್' ಇದ್ದರೂ ಇದು ಗೋಧಿಯಲ್ಲ, ಗೋಧಿಯ ಜಾತಿಯೂ ಅಲ್ಲ. ಮೂರು ಮೂಲೆಯ ಪುಟ್ಟ ಬೀಜ. ಹುರಿದಿರುವುದರಿಂದ ಕಂದು ಬಣ್ಣ, ಹುರಿದ ಕಾಳಿನ ಘಮ. ಒಂದು ಲೋಟ ಕಾಳಿಗೆ ಎರಡು ಲೋಟ ನೀರು, ಉಪ್ಪು ಹಾಕಿ ಮುಚ್ಚಿಟ್ಟರೆ 15-20 ನಿಮಿಷದಲ್ಲಿ ಉದುರುದುರಾಗಿ ಬೇಯುತ್ತದೆ. ಅವರು ಬೆಣ್ಣೆ ಹಾಕಿಕೊಳ್ಳುತ್ತಾರೆ. ನೀವು ಒಗ್ಗರಣೆ ಕೊಡಿ, ಉಪ್ಪಿಟ್ಟಿನಂತೆ ಹೊಂದಿಕೊಳ್ಳುತ್ತದೆ. ಮೊಸರಿನ ಜೊತೆಗೂ ಚೆನ್ನ. ನನ್ನ ಮಟ್ಟಿಗೆ, ನಮ್ಮ ಮಕ್ಕಳು ಅಲ್ಲಿ ಮೊದಲು ಒಗ್ಗಿಸಿಕೊಳ್ಳಬೇಕಾದ ತಿನಿಸು ಇದೇ.

ಮಧ್ಯಾಹ್ನದ ಊಟ ಮೂರು ಭಾಗದ್ದು. ಮೊದಲನೆಯದು, ಎರಡನೆಯದು, ಮೂರನೆಯದು ಎಂದೇ ಅವುಗಳ ಹೆಸರು. ಮೊದಲನೆಯದು ಸೂಪು. ಎರಡನೆಯದು ಮಾಂಸ ಅಥವಾ ಮೀನು, ಪಕ್ಕದಲ್ಲಿ ಆಲೂಗಡ್ಡೆ, ಗ್ರೆಚ್ಕಾ ಇಲ್ಲವೇ ಅನ್ನ. ಮೂರನೆಯದು ಕುಡಿಯಲು 'ಕಂಪೋತ್', ಅಂದರೆ ಹಣ್ಣು ಕುದಿಸಿದ ಸಿಹಿನೀರು. ಎಲ್ಲದರ ಜೊತೆ ಬ್ರೆಡ್ಡು. ಕಪ್ಪು ಬ್ರೆಡ್ಡು ರೈ ಎಂಬ ಧಾನ್ಯದ್ದು. ಚಳಿ ನಾಡಿನ ಬಡ ಮಣ್ಣಿನಲ್ಲೂ ಅದು ಬೆಳೆಯುತ್ತದೆ. ಮೊದಲ ತುತ್ತಿಗೆ ಹುಳಿ, ಒರಟು ಅನ್ನಿಸುತ್ತದೆ. 'ಬೊರದೀನ್ಸ್ಕಿ' ಎಂಬ ಬ್ರೆಡ್ಡಿಗೆ ಕೊತ್ತಂಬರಿ ಬೀಜ ಹಾಕುತ್ತಾರೆ. ಅದನ್ನು ಕೊಳ್ಳಿ, ಪರಿಚಿತ ವಾಸನೆ ಸಿಗುತ್ತದೆ.

ಸೂಪುಗಳಲ್ಲಿ 'ಶ್ಚಿ' ಎಂದರೆ ಎಲೆಕೋಸಿನದು. 'ಬೋರ್ಷ್' ಬೀಟ್‌ರೂಟಿನದು, ಕೆಂಪಗಿರುತ್ತದೆ. ಇದರ ಬೇರು ಉಕ್ರೇನಿನಲ್ಲಿದೆ. ಉಕ್ರೇನಿನ ಬೋರ್ಷ್ ಅಡುಗೆ ಪರಂಪರೆಯನ್ನು ಯುನೆಸ್ಕೊ 2022ರಲ್ಲಿ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಬೇಸಗೆಯಲ್ಲಿ 'ಒಕ್ರೋಷ್ಕಾ' ಎಂಬ ತಣ್ಣನೆಯ ಸೂಪು ಮಾಡುತ್ತಾರೆ. ಸೌತೆಕಾಯಿ, ಮೂಲಂಗಿ, ಸೊಪ್ಪು ಹೆಚ್ಚಿ, ಕೆಫಿರ್ ಎಂಬ ಹುಳಿ ಮಜ್ಜಿಗೆ ಅಥವಾ 'ಕ್ವಾಸ್' ಹುಯ್ಯುತ್ತಾರೆ. ಕ್ವಾಸ್ ಎಂದರೆ ರೈ ಬ್ರೆಡ್ಡು ಹುಳಿ ಬರಿಸಿದ ಪಾನೀಯ. ತಂಬುಳಿ ಗೊತ್ತಿರುವವರಿಗೆ ಒಕ್ರೋಷ್ಕಾ ವಿಚಿತ್ರ ಅನ್ನಿಸದು. ಆದರೆ ಅದರಲ್ಲಿ ಸಾಮಾನ್ಯವಾಗಿ ಮೊಟ್ಟೆ, ಮಾಂಸ ಇರುತ್ತದೆ, ನೋಡಿಕೊಳ್ಳಿ.

"ನಾವು ಮಾಂಸ ತಿನ್ನೋದಿಲ್ಲ, ಏನು ಮಾಡೋದು?" ಈ ಅನುಮಾನ ಬಂದೇ ಬರುತ್ತದೆ. ದಾರಿ ಇದೆ. ಹಾಲಿನ ಪದಾರ್ಥಗಳು ಅಲ್ಲಿ ಧಾರಾಳ. 'ಕೆಫಿರ್' ನಮ್ಮ ಗಟ್ಟಿ ಮಜ್ಜಿಗೆಯ ಹತ್ತಿರದ್ದು, ಹುಳಿ ತುಸು ಮುಂದೆ. 'ಸ್ಮೆತಾನಾ' ಹುಳಿ ಕೆನೆ. 'ತ್ವೊರೊಗ್' ಪನೀರಿನ ತಂಗಿ ಇದ್ದಂತೆ. ಹಾಲನ್ನು ನಿಂಬೆಹುಳಿಯಿಂದ ಒಡೆಯುವ ಬದಲು ಮೊಸರಾಗಿಸಿ ನೀರು ಬಸಿದದ್ದು. ಪುಡಿಪುಡಿಯಾಗಿರುತ್ತದೆ. ಬಟಾಣಿ, ಕೆಂಪು ಬೇಳೆ ಅಂಗಡಿಗಳಲ್ಲಿ ಸಿಗುತ್ತವೆ. 'ಪೆಲ್ಮೆನಿ' ಎಂಬ ಪುಟ್ಟ ಕಡುಬಿನೊಳಗೆ ಮಾಂಸವಿರುತ್ತದೆ. ಅದೇ ಬಗೆಯ 'ವರೆನಿಕಿ'ಯಲ್ಲಿ ಆಲೂಗಡ್ಡೆ, ತ್ವೊರೊಗ್ ಅಥವಾ ಚೆರಿ ಹಣ್ಣು ತುಂಬುತ್ತಾರೆ. ಸಸ್ಯಾಹಾರಿಗಳು ವರೆನಿಕಿಯನ್ನು ಕೇಳಬೇಕು. ಹಿಟ್ಟಿಗೆ ಮೊಟ್ಟೆ ಹಾಕುವ ರೂಢಿಯೂ ಇದೆ ಎಂಬುದು ನೆನಪಿರಲಿ.

ಇನ್ನೊಂದು ಉಪಾಯ ಹೆಚ್ಚಿನವರಿಗೆ ತಿಳಿದಿಲ್ಲ. ರಷ್ಯಾದ ಆರ್ಥೊಡಾಕ್ಸ್ ಕ್ರೈಸ್ತರಲ್ಲಿ 'ಪೋಸ್ತ್' ಎಂಬ ವ್ರತವಿದೆ. ಮಾಂಸ, ಹಾಲು, ಮೊಟ್ಟೆ ಮೂರೂ ಇಲ್ಲ. ಈಸ್ಟರ್‌ಗೆ ಮುಂಚಿನ ಏಳು ವಾರ ದೊಡ್ಡ ವ್ರತ. ಕಟ್ಟುನಿಟ್ಟಿನವರು ಬುಧವಾರ, ಶುಕ್ರವಾರಗಳಲ್ಲೂ ಪಾಲಿಸುತ್ತಾರೆ. ಎಲ್ಲರೂ ಪಾಲಿಸುತ್ತಾರೆ ಎಂದಲ್ಲ. ಆದರೆ ಆ ವಾರಗಳಲ್ಲಿ ಎಷ್ಟೋ ಹೋಟೆಲುಗಳು 'ಪೋಸ್ತ್‌ನಯೆ' ಎಂಬ ಬೇರೆ ಪಟ್ಟಿ ಇಡುತ್ತವೆ. ಅಣಬೆ, ಆಲೂಗಡ್ಡೆ, ಎಲೆಕೋಸು, ಗ್ರೆಚ್ಕಾ ಅದರಲ್ಲಿರುತ್ತವೆ. ಕೆಲವು ದಿನ ಮೀನಿಗೆ ಅನುಮತಿ ಇರುವುದರಿಂದ ಒಮ್ಮೆ ಕೇಳಿಯೇ ತಿನ್ನಬೇಕು.

ಈ ವ್ರತಕ್ಕೂ ಕರ್ನಾಟಕಕ್ಕೂ ಹಳೆಯ ನಂಟಿದೆ. 1469ರ ಸುಮಾರಿಗೆ ತ್ವೇರ್ ಎಂಬ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ಬಹಮನಿ ರಾಜಧಾನಿ ಬೀದರ್‌ಗೆ ಬಂದ. ಇಲ್ಲಿಯ ಹಿಂದೂಗಳು ಅನ್ನ, ತುಪ್ಪದ ಕಿಚಡಿ, ಸೊಪ್ಪುಗಳನ್ನು ತಿನ್ನುತ್ತಾರೆ, ಬಲಗೈಯಲ್ಲೇ ಉಣ್ಣುತ್ತಾರೆ, ಚಮಚ ಅರಿಯರು ಎಂದು ಬರೆದಿಟ್ಟ. ದಾರಿಯಲ್ಲಿ ಅವನ ಪುಸ್ತಕಗಳು ಕಳೆದುಹೋಗಿದ್ದವು. ಹಬ್ಬದ ಲೆಕ್ಕ ತಪ್ಪಿತು. ಅಂದಾಜಿನಲ್ಲೇ ದಿನ ಎಣಿಸಿ ಪರನಾಡಿನಲ್ಲಿ ವ್ರತ ಹಿಡಿದ. ಈಗ ಅದೇ ತ್ವೇರ್‌ನ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಭಾರತದ ಮಕ್ಕಳು ಓದುತ್ತಿದ್ದಾರೆ. ಏಕಾದಶಿ, ಸಂಕಷ್ಟಿ ಹಿಡಿಯುವ ಹುಡುಗಿಯನ್ನು ಅಲ್ಲಿಯ ಅಜ್ಜಿಯರು ವಿಚಿತ್ರವಾಗಿ ನೋಡಲಾರರು.

ನೀರುದೋಸೆಗೆ ಅಲ್ಲೊಂದು ಬಳಗವಿದೆ, 'ಬ್ಲಿನಿ'. ನಮ್ಮದು ನೆನೆದ ಅಕ್ಕಿ, ನೀರು, ಉಪ್ಪು ಅಷ್ಟೇ. ಅವರದು ಗೋಧಿ ಹಿಟ್ಟು, ಹಾಲು, ಮೊಟ್ಟೆ. ಹಳೆಯ ಕ್ರಮದಲ್ಲಿ ಗ್ರೆಚ್ಕಾ ಹಿಟ್ಟಿಗೆ ಈಸ್ಟ್, ಅಂದರೆ ಹುದುಗು ಹಾಕಿ ಉಬ್ಬಿಸುತ್ತಾರೆ. ಕಾವಲಿಯಲ್ಲಿ ತೆಳ್ಳಗೆ ಹುಯ್ದು ಬೆಣ್ಣೆ, ಸ್ಮೆತಾನಾ, ಜೇನಿನ ಜೊತೆ ತಿನ್ನುತ್ತಾರೆ. ದೊಡ್ಡ ವ್ರತಕ್ಕೆ ಮುಂಚಿನ ವಾರ 'ಮಾಸ್ಲೆನಿತ್ಸಾ', ಬ್ಲಿನಿಯ ಹಬ್ಬ. ಮೊದಲ ಬ್ಲಿನ್ ಮುದ್ದೆಯಾಗುತ್ತದೆ ಎಂಬ ಗಾದೆ ಅವರಲ್ಲಿದೆ. ಕಾವಲಿ ಪಳಗುವವರೆಗೆ ನಮ್ಮ ಮೊದಲ ದೋಸೆಯೂ ಏಳುವುದಿಲ್ಲ.

ಕುಡಿಯುವುದು ಹೆಚ್ಚಾಗಿ ಚಹಾ. ಸಣ್ಣ ಪಾತ್ರೆಯಲ್ಲಿ ಕಡು ಚಹಾ ಇಳಿಸಿಡುತ್ತಾರೆ. ಅದು 'ಝವಾರ್ಕಾ'. ಬೇಕಾದಾಗ ಬಟ್ಟಲಿಗೆ ಸ್ವಲ್ಪ ಹುಯ್ದು ಬಿಸಿನೀರು ಬೆರೆಸುತ್ತಾರೆ. ನಾವು ಡಿಕಾಕ್ಷನ್ ಇಳಿಸಿಟ್ಟುಕೊಳ್ಳುವ ಹಾಗೇ. ಹಾಲು ವಿರಳ, ಜೊತೆಗೆ ಒಂದು ಚಮಚ ಹಣ್ಣಿನ ಜಾಮ್. ಕಾಫಿಯೂ ಇದೆ. ಸೋವಿಯತ್ ಕಾಲದಲ್ಲಿ ನಮ್ಮ ತೋಟಗಳ ಕಾಫಿಗೆ ಅವರೇ ದೊಡ್ಡ ಗಿರಾಕಿ. ರೂಪಾಯಿಯಲ್ಲೇ ವ್ಯಾಪಾರ ನಡೆಯುತ್ತಿತ್ತು. 1991ರಲ್ಲಿ ಆ ಒಕ್ಕೂಟ ಒಡೆದಾಗ ಬೆಳೆಗಾರರಿಗೆ ಬಿದ್ದ ಪೆಟ್ಟು ಹಿರಿಯರಿಗೆ ನೆನಪಿದೆ. ಇಂದಿಗೂ ಭಾರತದ ಕಾಫಿ ಕೊಳ್ಳುವ ಮುಖ್ಯ ದೇಶಗಳಲ್ಲಿ ರಷ್ಯಾ ಒಂದು.

ಎಲ್ಲಿ ಸಿಗುತ್ತದೆ, ಎಷ್ಟಾಗುತ್ತದೆ? ದಿನಸಿಗೆ 'ಪ್ಯತ್ಯೊರೊಚ್ಕಾ', 'ಮಗ್ನಿತ್' ಎಂಬ ಸರಣಿ ಅಂಗಡಿಗಳು ಊರೂರಿನಲ್ಲಿವೆ. ಬೇಯಿಸಿದ ಊಟಕ್ಕೆ 'ಸ್ತಲೋವಯಾ', ಅಂದರೆ ಕ್ಯಾಂಟೀನು. ಟ್ರೇ ಹಿಡಿದು ಬೇಕಾದ್ದನ್ನಷ್ಟೇ ಎತ್ತಿಕೊಂಡು ಕೊನೆಯಲ್ಲಿ ದುಡ್ಡು ಕೊಡುವುದು. ಹೋಟೆಲಿಗಿಂತ ಅಗ್ಗ. ಆಲೂಗಡ್ಡೆ, ಎಲೆಕೋಸು, ಗ್ರೆಚ್ಕಾ, ಬ್ರೆಡ್ಡು, ಕೆಫಿರ್ ಇವೆಲ್ಲ ಕಡಿಮೆ ಬೆಲೆಯ ಸಾಲಿನವು. ತೆಂಗಿನಕಾಯಿ, ತೊಗರಿಬೇಳೆ, ಕರಿಬೇವು ಸುಲಭವಾಗಿ ಸಿಗುವುದಿಲ್ಲ, ಸಿಕ್ಕರೂ ದುಬಾರಿ. ಆದ್ದರಿಂದ ಪೆಟ್ಟಿಗೆಯ ತೂಕವನ್ನು ಅಕ್ಕಿಗೆ ವ್ಯರ್ಥ ಮಾಡಬೇಡಿ. ಸಾರಿನ ಪುಡಿ, ಹುಣಸೆಹಣ್ಣು, ಇಂಗು, ಕಾಫಿಪುಡಿ, ಸ್ಟೀಲ್ ಫಿಲ್ಟರ್, ಚಿಕ್ಕ ಕುಕ್ಕರ್ ಇಡಿ. ಮೂರು ಪಿನ್ನಿನ ಪ್ಲಗ್ ಅಲ್ಲಿ ಕೂರದು, ಅಡಾಪ್ಟರ್ ಬೇಕು. ಮುಖ್ಯವಾದ ವಿಷಯ: 2022ರ ಮಾರ್ಚ್‌ನಿಂದ ನಮ್ಮ ಬ್ಯಾಂಕುಗಳ ವೀಸಾ, ಮಾಸ್ಟರ್‌ಕಾರ್ಡ್ ಅಲ್ಲಿ ನಡೆಯುವುದಿಲ್ಲ. ಮೊದಲ ವಾರಗಳ ಊಟದ ಖರ್ಚಿಗೆ ಏನು ವ್ಯವಸ್ಥೆ ಎಂದು ಹೊರಡುವ ಮುಂಚೆಯೇ ಕಾಲೇಜಿನಲ್ಲಿ ಕೇಳಿ ಗೊತ್ತುಮಾಡಿಕೊಳ್ಳಿ.

ನಾಲ್ಕು ಮಾತು ಬಾಯಿಪಾಠವಾಗಲಿ. 'ಬೆಜ್ ಮ್ಯಾಸಾ' ಎಂದರೆ ಮಾಂಸವಿಲ್ಲದ್ದು. 'ಗವ್ಯಾದಿನಾ' ದನದ ಮಾಂಸ, 'ಸ್ವಿನೀನಾ' ಹಂದಿಯದು, 'ಕೂರಿತ್ಸಾ' ಕೋಳಿ. ತರಕಾರಿ ಸೂಪು ಎಂದು ಬರೆದಿದ್ದರೂ ಮೂಳೆ ಬೇಯಿಸಿದ ನೀರಿನಲ್ಲಿ ಮಾಡಿರಬಹುದು. ಅದನ್ನೂ ವಿಚಾರಿಸಬೇಕು.

ರುಚಿ ಮನೆಯಲ್ಲೇ ನೋಡಬಹುದು. ಗ್ರೆಚ್ಕಾ ಕಾಳು ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಸಿಗುತ್ತದೆ. ಹುಳಿ ಎಲೆಕೋಸಿಗೆ ಮೂಡಿಗೆರೆ ಸಂತೆಯ ಒಂದು ಗಡ್ಡೆ ಸಾಕು. ಒಂದು ಕಿಲೋ ಎಲೆಕೋಸನ್ನು ಸಣ್ಣಗೆ ಹೆಚ್ಚಿ 20 ಗ್ರಾಂ ಉಪ್ಪು, ಸ್ವಲ್ಪ ಕ್ಯಾರೆಟ್ ತುರಿ ಹಾಕಿ ನೀರು ಬಿಡುವವರೆಗೆ ಹಿಚುಕಿ. ಗಾಜಿನ ಭರಣಿಗೆ ಒತ್ತಿ ತುಂಬಿ, ಎಲೆಕೋಸು ತನ್ನ ನೀರಿನಲ್ಲೇ ಮುಳುಗಿರುವಂತೆ ಭಾರ ಇಡಿ. ಕೆಡುವುದಿಲ್ಲವೇ ಎಂದರೆ, ಉಪ್ಪು ಕೆಡಿಸುವ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. ಎಲೆಕೋಸಿನಲ್ಲೇ ಇರುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಹುಳಿ ಹುಟ್ಟಿಸುತ್ತದೆ. ಮೊಸರು ಹುಳಿಯಾಗುವುದು ಇದೇ ಬಗೆಯ ಜೀವಿಗಳಿಂದ. ದಿನಕ್ಕೊಮ್ಮೆ ಶುದ್ಧ ಕಡ್ಡಿಯಿಂದ ಚುಚ್ಚಿ ಗಾಳಿ ಬಿಡಿ. ನಾಲ್ಕೈದು ದಿನಕ್ಕೆ ಹದ ಬರುತ್ತದೆ, ಆಮೇಲೆ ಫ್ರಿಜ್ಜಿನಲ್ಲಿಡಿ. ಮೇಲೆ ಬೂಷ್ಟು ಬಂದರೆ ಪೂರ್ತಿ ಚೆಲ್ಲಿಬಿಡಿ.

ರಷ್ಯಾದಲ್ಲಿ ತರಗತಿ ಆರಂಭವಾಗುವುದು ಸೆಪ್ಟೆಂಬರ್ 1ಕ್ಕೆ. ಅಷ್ಟರೊಳಗೆ ನಮ್ಮಲ್ಲಿ ಇಡೀ ಮಳೆಗಾಲದ ಬಿಡುವಿದೆ. ಮಗಳಾಗಲಿ ಮಗನಾಗಲಿ, ಅನ್ನ, ತಿಳಿಸಾರು, ಒಂದು ಪಲ್ಯ ಮಾಡುವುದನ್ನು ಈ ಮಳೆಯಲ್ಲೇ ಕೈಹಿಡಿದು ಕಲಿಸಿ ಕಳುಹಿಸಿ.