ಗುದ್ದಲಿ ಹಿಡಿದ ಭಕ್ತಿ

ಪ್ರಾರ್ಥನೆಯೇ ಬೇರೆ, ದುಡಿಮೆಯೇ ಬೇರೆ ಎಂದು ಭಾವಿಸುವವರುಂಟು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಪಿಯರ್ ಸೆರೆಸೋಲರಿಗೆ ಇವೆರಡೂ ಒಂದೇ ಆಗಿದ್ದುವು. ಶತ್ರುವನ್ನೂ ಪ್ರೀತಿಸಬೇಕೆಂಬ ಕ್ರಿಸ್ತನ ಬೋಧೆಯನ್ನು ನಂಬಿದ ಅವರು ಸೈನ್ಯದ ತೆರಿಗೆ ಕೊಡಲೊಪ್ಪದೆ ಸೆರೆಮನೆ ಸೇರಿದರು. 1920ರಲ್ಲಿ, ಯುದ್ಧದಿಂದ ಹಾಳಾಗಿದ್ದ ಫ್ರಾನ್ಸಿನ ವರ್ಡನ್ ಬಳಿಯ ಹಳ್ಳಿಯೊಂದನ್ನು ಮತ್ತೆ ಕಟ್ಟಲು ಸ್ವಯಂಸೇವಕರನ್ನು ಕೂಡಿಸಿದರು. ಅವರಲ್ಲಿ ಜರ್ಮನರೂ ಇದ್ದರು. ವಿರೋಧದಿಂದ ಮರುವರ್ಷವೇ ಕೆಲಸ ನಿಂತಿತು, ನಂಬಿಕೆ ನಿಲ್ಲಲಿಲ್ಲ. 1934ರ ಭೂಕಂಪದ ತರುವಾಯ ಅವರು ಬಿಹಾರಕ್ಕೂ ಬಂದು, ಹಳ್ಳಿಗರೊಡನೆ ದುಡಿದರು. ಅವರು ಆರಂಭಿಸಿದ ‘ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್’ ಇಂದಿಗೂ ನಡೆಯುತ್ತಿದೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಓದಿದವರು ಗುದ್ದಲಿ ಮುಟ್ಟಬಾರದೆಂದು ಊರಿನ ಹಿರಿಯರು ಅಕ್ಕರೆಯಿಂದಲೇ ಹೇಳುತ್ತಾರೆ. ಸೆರೆಸೋಲರ ಬಾಳು ನನಗೆ ಬೇರೆಯದನ್ನೇ ಕಲಿಸಿದೆ: ದುಡಿಯದ ಭಕ್ತಿ ಬರಿಯ ಬಾಯಿಮಾತು, ದುಡಿಯದ ಪದವಿ ಬರಿಯ ಕಾಗದ.