‘ಕ್ರಾಸ್’ ಎಂದರೆ ಬರೀ ಅಡ್ಡರಸ್ತೆಯೇ?

ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಓದಿಗೋ ಕೆಲಸಕ್ಕೋ ಬೆಂಗಳೂರು ಸೇರಿದ್ದಾರೆ. ಅವರು ಮನೆಗೆ ತಿಳಿಸುವ ವಿಳಾಸದಲ್ಲಿ ಹೆಚ್ಚಾಗಿ ಒಂದು ಪದ ಇದ್ದೇ ಇರುತ್ತದೆ: ‘ಮಲ್ಲೇಶ್ವರಂ 8ನೇ ಕ್ರಾಸ್’, ‘15ನೇ ಕ್ರಾಸ್’. ಅಲ್ಲಿನ ಆಟೋದವರಿಗೆ ಕ್ರಾಸ್ ಎಂದರೆ ಅಡ್ಡರಸ್ತೆ. ನಮಗೆ ಅದು ಪವಿತ್ರ ಶಿಲುಬೆ. ಒಂದೇ ಪುಟ್ಟ ಇಂಗ್ಲಿಷ್ ಪದಕ್ಕೆ ಈ ಎರಡು ಅರ್ಥಗಳು ಹೇಗೆ ಬಂದವು?

ಮೊದಲು ರಸ್ತೆಯ ವಿಷಯ. ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. 1898ರಲ್ಲಿ ಪ್ಲೇಗ್ ಬಂದ ಬಳಿಕ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಬೆಳೆದವು. ಹಳೇ ಪೇಟೆಯ ಇಕ್ಕಟ್ಟಿನ ಗಲ್ಲಿಗಳಂತಾಗದೆ ಗಾಳಿ, ಬೆಳಕು ಬರಲೆಂದು ಇಲ್ಲಿ ನೇರವಾದ ರಸ್ತೆಗಳನ್ನು ಹಾಕಲಾಯಿತು. ಉದ್ದಕ್ಕೆ ಸಾಗಿದ್ದು ಮೈನ್ ರೋಡ್, ಅದನ್ನು ಅಡ್ಡ ಹಾಯ್ದದ್ದು ಕ್ರಾಸ್ ರೋಡ್. ಜನರ ಬಾಯಲ್ಲಿ ‘ರೋಡ್’ ಬಿದ್ದುಹೋಗಿ ‘ಕ್ರಾಸ್’ ಮಾತ್ರ ಉಳಿಯಿತು.

ಆದರೆ ಪದದ ಬೇರು ರಸ್ತೆಯಲ್ಲಿಲ್ಲ. ಲ್ಯಾಟಿನ್ ಭಾಷೆಯ ‘ಕ್ರುಕ್ಸ್’ ಎಂದರೆ ಅಪರಾಧಿಗಳನ್ನು ತೂಗುಹಾಕಿ ಕೊಲ್ಲುವ ಮರ. ಈ ಪದ ಐರಿಷ್ ಕ್ರೈಸ್ತರ ಬಾಯಲ್ಲಿ ‘ಕ್ರೊಸ್’ ಆಗಿ, ಉತ್ತರದ ನಾರ್ಸ್ ಜನರ ಮೂಲಕ ಇಂಗ್ಲಿಷಿಗೆ ಬಂತು. ಅದಕ್ಕೂ ಮುನ್ನ ಇಂಗ್ಲಿಷರು ಶಿಲುಬೆಯನ್ನು ‘ರೂಡ್’ ಎನ್ನುತ್ತಿದ್ದರು. ಅದೇ ಲ್ಯಾಟಿನ್ ಪದ ಪೋರ್ಚುಗೀಸಿನಲ್ಲಿ ‘ಕ್ರುಝ್’ ಆಯಿತು, ಅದರಿಂದ ನಮ್ಮ ಕೊಂಕಣಿಯ ‘ಖುರಿಸ್’ ಬಂತು. ಕನ್ನಡದ ‘ಶಿಲುಬೆ’ಯ ಮೂಲ ಬೇರೆ. ಅದು ಪೂರ್ವದ ಕ್ರೈಸ್ತರ ಸಿರಿಯಾಕ್ ಭಾಷೆಯ ‘ಸ್ಲೀಬಾ’ದಿಂದ ಬಂದದ್ದು.

ಕೊಲ್ಲುವ ಮರದ ಹೆಸರು ಕ್ರಮೇಣ ಅದರ ಆಕಾರಕ್ಕೂ, ಬಳಿಕ ಅಡ್ಡಲಾಗಿರುವ ಎಲ್ಲದಕ್ಕೂ ಅನ್ವಯವಾಯಿತು. ಅಡ್ಡ ಹೋಗುವ ರಸ್ತೆ ಕ್ರಾಸ್. ರಸ್ತೆ ದಾಟುವುದೂ ಕ್ರಾಸ್. ನಮ್ಮ ಚರ್ಚ್ ಕಚೇರಿಗಳಲ್ಲಿ ಚೆಕ್ಕಿನ ಮೇಲೆ ಎರಡು ಅಡ್ಡಗೆರೆ ಎಳೆಯುತ್ತೇವಲ್ಲ, ಅದೂ ಕ್ರಾಸ್: ಆ ಹಣ ಬ್ಯಾಂಕ್ ಖಾತೆಯ ಮೂಲಕವೇ ಹೋಗಬೇಕು. ಮಾತಿಗೆ ಅಡ್ಡ ಬಂದು ಸಿಡುಕುವವರನ್ನೂ ಇಂಗ್ಲಿಷರು ‘ಕ್ರಾಸ್’ ಎನ್ನುತ್ತಾರೆ.

ಇದೇ ಬೇರಿನಿಂದ ‘ಕ್ರೂಷಿಯಲ್’, ಅಂದರೆ ನಿರ್ಣಾಯಕ ಎಂಬ ಪದವೂ ಹುಟ್ಟಿತು. 1620ರಲ್ಲಿ ಫ್ರಾನ್ಸಿಸ್ ಬೇಕನ್ ಎಂಬ ಚಿಂತಕ, ಎರಡು ವಿವರಣೆಗಳಲ್ಲಿ ಯಾವುದು ಸರಿಯೆಂದು ತೀರ್ಮಾನಿಸಿಕೊಡುವ ಸಂಗತಿಯನ್ನು ಕವಲುದಾರಿಯಲ್ಲಿ ನೆಟ್ಟ ದಾರಿಕಂಬಕ್ಕೆ ಹೋಲಿಸಿದ. ಆ ಕಂಬವನ್ನು ಅವನು ‘ಕ್ರುಕ್ಸ್’ ಎಂದೇ ಕರೆದ. ನಮ್ಮ ಗುರುಪುರ ಕೈಕಂಬ, ಬಿ.ಸಿ. ರೋಡ್ ಕೈಕಂಬಗಳನ್ನು ನೆನೆದರೆ ಈ ಹೋಲಿಕೆ ಸುಲಭವಾಗಿ ತಿಳಿಯುತ್ತದೆ. ಯಾವ ಕಡೆ ಹೋಗಬೇಕೆಂದು ಕೈ ತೋರಿಸುವ ಕಂಬ ಅದು.

ಕ್ರಿ.ಪೂ. 63ರಲ್ಲಿ ರೋಮಿನ ವಾಗ್ಮಿ ಸಿಸೆರೊ, ಶಿಲುಬೆಯೆಂಬ ಹೆಸರು ಕೂಡ ರೋಮನ್ ಪ್ರಜೆಯ ಕಿವಿಗೆ ಬೀಳಬಾರದೆಂದು ವಾದಿಸಿದ್ದ. ಅಷ್ಟು ಹೇಸಿಗೆಯ ಪದವಾಗಿತ್ತದು. ಅಂಥ ಮರವನ್ನು ಪ್ರಭು ಯೇಸು ಹೆಗಲಿಗೇರಿಸಿಕೊಂಡರು. ಸಂತ ಪೌಲರು ಅದನ್ನೇ ಸಾರುತ್ತಾ ಊರೂರು ಅಲೆದರು. ನಾಚಿಕೆಯ ಗುರುತು ರಕ್ಷಣೆಯ ಗುರುತಾಯಿತು. ಸೆಪ್ಟೆಂಬರ್ 14ರಂದು ನಾವು ಪವಿತ್ರ ಶಿಲುಬೆಯ ವಿಜಯೋತ್ಸವ ಆಚರಿಸುವುದು ಇದಕ್ಕಾಗಿಯೇ.

ಪ್ರತಿದಿನವೂ ನಮ್ಮ ಶಿಲುಬೆಯನ್ನು ಹೊರಬೇಕೆಂದು ಪ್ರಭು ಹೇಳಿದ್ದನ್ನು ಸಂತ ಲೂಕರ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಓದುತ್ತೇವೆ. ಮನೆಯವರ ಕಣ್ಣಿಂದ ದೂರವಿರುವ ಮಕ್ಕಳಿಗೆ ದಿನಕ್ಕೊಂದು ಕವಲುದಾರಿ ಎದುರಾಗುತ್ತದೆ. ಫೋನಿನಲ್ಲಿ ಮಾತನಾಡುವಾಗ ಯಾವ ಕ್ರಾಸ್, ಎಷ್ಟು ಬಾಡಿಗೆ ಎಂದು ಕೇಳುತ್ತೇವೆ. ಹತ್ತಿರದ ಚರ್ಚ್ ಯಾವುದು, ಭಾನುವಾರ ಬಲಿಪೂಜೆಗೆ ಹೋಗಿದ್ದೆಯಾ ಎಂದೂ ಪ್ರೀತಿಯಿಂದ ಕೇಳೋಣ. ವಿಳಾಸದ ಕ್ರಾಸ್ ಬಾಡಿಗೆ ಮನೆಯೊಂದಿಗೆ ಬದಲಾಗುತ್ತದೆ. ದಾರಿ ತೋರುವ ಶಿಲುಬೆ ಮಾತ್ರ ಅವರು ಹೋದಲ್ಲೆಲ್ಲ ಅವರ ಜೊತೆಗಿರಲಿ.