ಸಿಟಿಜನ್ ಎಕ್ಸ್: ಎಂಟು ವರ್ಷಗಳ ಬೇಟೆ

ಸರಣಿ ಹಂತಕರ ಸಿನಿಮಾ ಎಂದೊಡನೆ 'ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್', 'ಸೆವೆನ್' ಹೆಸರುಗಳು ಬಾಯಿಗೆ ಬರುತ್ತವೆ. 'ಸೆವೆನ್' ತೆರೆಕಂಡ 1995ರಲ್ಲೇ ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ ಪ್ರಸಾರವಾದ 'ಸಿಟಿಜನ್ ಎಕ್ಸ್' ಮಾತ್ರ ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. ಟಿ.ವಿ.ಗೆಂದೇ ತಯಾರಾದ ಚಿತ್ರ ಎಂಬುದೇ ಅದಕ್ಕೆ ಮುಳುವಾಯಿತೇನೋ.

ರಾಬರ್ಟ್ ಕಲೆನ್ ಬರೆದ ಪುಸ್ತಕವನ್ನು ಆಧರಿಸಿ ಕ್ರಿಸ್ ಜೆರೋಲ್ಮೊ ನಿರ್ದೇಶಿಸಿದ ಈ ಚಿತ್ರದ ಕಥೆ ಸೋವಿಯತ್ ಒಕ್ಕೂಟದ ರೊಸ್ತೊವ್ ಪ್ರಾಂತ್ಯದಲ್ಲಿ ನಿಜವಾಗಿ ನಡೆದದ್ದು. ಆಂದ್ರೇ ಚಿಕಟಿಲೊ ಮೊದಲು ಶಾಲಾ ಮೇಷ್ಟ್ರು, ಆಮೇಲೆ ಕಾರ್ಖಾನೆಯೊಂದಕ್ಕೆ ಸರಕು ಹೊಂದಿಸುವ ನೌಕರ. 1978ರಿಂದ 1990ರವರೆಗೆ ರೈಲು, ಬಸ್ ನಿಲ್ದಾಣಗಳಲ್ಲಿ ಒಂಟಿಯಾಗಿ ಸಿಕ್ಕ ಮಕ್ಕಳನ್ನೂ ಹೆಂಗಸರನ್ನೂ ಪುಸಲಾಯಿಸಿ ಕಾಡಿಗೆ ಕರೆದೊಯ್ದು ಕೊಂದ. ನ್ಯಾಯಾಲಯದಲ್ಲಿ ಸಾಬೀತಾದ ಕೊಲೆಗಳೇ 52.

ಇಷ್ಟು ವರ್ಷ ಆತ ಸಿಗದೆ ಹೋದದ್ದು ಹೇಗೆ? ಚಿತ್ರದ ಜೀವಾಳ ಇರುವುದು ಈ ಪ್ರಶ್ನೆಯಲ್ಲಿ. ವಿಧಿವಿಜ್ಞಾನ ತಜ್ಞ ವಿಕ್ಟರ್ ಬುರಕೊವ್ (ಸ್ಟೀಫನ್ ರೇ) ತನಿಖೆಯ ಹೊಣೆ ಹೊತ್ತು ಪಕ್ಷದ ಅಧಿಕಾರಿಗಳ ಮುಂದೆ ನಿಂತಾಗ ಸಿಗುವ ಉತ್ತರ ಒಂದೇ. ಸರಣಿ ಕೊಲೆ ಪಶ್ಚಿಮದ ಕೊಳೆತ ಸಮಾಜದ ರೋಗ, ನಮ್ಮಲ್ಲಿ ಅಂಥದ್ದಿಲ್ಲ. ಎಫ್‌ಬಿಐ ನೆರವು ಕೇಳಿದರೂ ಇಲ್ಲ, ಜನರನ್ನು ಎಚ್ಚರಿಸೋಣವೆಂದರೂ ಇಲ್ಲ. ಪೊಲೀಸರು ಬುದ್ಧಿಮಾಂದ್ಯ ಹುಡುಗರನ್ನು ಹಿಡಿದು ತಪ್ಪೊಪ್ಪಿಗೆ ಬರೆಸಿಕೊಳ್ಳುತ್ತಾರೆ, ಸಲಿಂಗಿಗಳನ್ನು ಬೇಟೆಯಾಡುತ್ತಾರೆ. ವಾಸ್ತವದಲ್ಲಿ ಇದಕ್ಕಿಂತ ಘೋರವಾದದ್ದೂ ನಡೆದಿತ್ತು. ಚಿಕಟಿಲೊ 1978ರಲ್ಲಿ ಮಾಡಿದ ಕೊಲೆಗೆ ಬೇರೊಬ್ಬನನ್ನು ಹೊಣೆ ಮಾಡಿ 1983ರಲ್ಲಿ ಮರಣದಂಡನೆ ವಿಧಿಸಿ ಮುಗಿಸಿದ್ದರು.

1984ರಲ್ಲಿ ಚಿಕಟಿಲೊ ಸಿಕ್ಕಿಯೂ ಬಿದ್ದಿದ್ದ. ಬ್ಯಾಗಿನಲ್ಲಿ ಚಾಕು, ಹಗ್ಗ. ಆದರೆ ಅವನ ರಕ್ತ 'ಎ' ಗುಂಪಿನದು, ಶವಗಳ ಮೇಲೆ ಸಿಕ್ಕ ವೀರ್ಯ 'ಎಬಿ' ಎಂದು ಪ್ರಯೋಗಾಲಯ ವರದಿ ಕೊಟ್ಟಿತ್ತು. ಆ ಒಂದು ಕಾಗದದ ಬಲದಿಂದ ಅವನು ಕೊಲೆ ಆರೋಪದಿಂದ ಪಾರಾದ. ಕೊಲೆಗಳು ಮತ್ತೆ ಆರು ವರ್ಷ ನಡೆದವು.

ಬುರಕೊವ್ ಮತ್ತು ಅವನ ಮೇಲಧಿಕಾರಿ ಕರ್ನಲ್ ಫೆತಿಸೊವ್ ನಡುವಿನ ಸಂಬಂಧ ಈ ಚಿತ್ರದ ದೊಡ್ಡ ಸಂಪತ್ತು. ಫೆತಿಸೊವ್ ಪಾತ್ರದಲ್ಲಿ ಡೊನಾಲ್ಡ್ ಸದರ್ಲೆಂಡ್ ಮೊದಮೊದಲು ನುಣುಚಿಕೊಳ್ಳುವ ಅಧಿಕಾರಿಯಂತೆ ಕಾಣುತ್ತಾರೆ. ಕಾಲ ಬದಲಾಗಿ ಬಾಯಿ ಬಿಡುವ ಅವಕಾಶ ಬಂದಾಗ ಅದೇ ಮನುಷ್ಯ ಬುರಕೊವ್‌ ಎದುರು ಕೂತು ಒಂದು ಸಂಗತಿ ಹೇಳುತ್ತಾನೆ. ಇಂಥ ಪ್ರಕರಣಗಳಲ್ಲಿ ಎಫ್‌ಬಿಐ ತನ್ನವರನ್ನು ಹದಿನೆಂಟು ತಿಂಗಳಿಗಿಂತ ಹೆಚ್ಚು ಇರಿಸುವುದಿಲ್ಲವಂತೆ. ವರ್ಷಗಟ್ಟಲೆ ಒಬ್ಬನನ್ನೇ ದುಡಿಸಿ ಹೈರಾಣು ಮಾಡಿದೆನಲ್ಲ ಎಂಬ ನೋವು ಆ ದನಿಯಲ್ಲಿದೆ. ಈ ಪಾತ್ರಕ್ಕಾಗಿ ಸದರ್ಲೆಂಡ್‌ಗೆ ಎಮ್ಮಿ ಮತ್ತು ಗೋಲ್ಡನ್ ಗ್ಲೋಬ್ ಎರಡೂ ಬಂದವು.

ಕೊನೆಗೆ ಬಲೆ ಹೆಣೆದದ್ದು ಸರಳ ಉಪಾಯದಿಂದ. ದೊಡ್ಡ ನಿಲ್ದಾಣಗಳಲ್ಲೆಲ್ಲ ಸಮವಸ್ತ್ರದ ಪೊಲೀಸರನ್ನು ಎದ್ದು ಕಾಣುವಂತೆ ನಿಲ್ಲಿಸಿ, ಸಣ್ಣ ನಿಲ್ದಾಣಗಳಲ್ಲಿ ಮಫ್ತಿಯವರನ್ನು ಕಾಯಲು ಬಿಟ್ಟರು. 1990ರ ನವೆಂಬರ್ 20ರಂದು ಚಿಕಟಿಲೊ ಬಂಧನವಾಯಿತು. ದಿನಗಟ್ಟಲೆ ವಿಚಾರಣೆಗೂ ಬಾಯಿ ಬಿಡದವನ ಮುಂದೆ ಮನೋವೈದ್ಯ ಬುಖಾನೊವ್‌ಸ್ಕಿ ಬಂದು ಕೂರುತ್ತಾರೆ. ಮುಖ ನೋಡದ ಹಂತಕನ ಬಗ್ಗೆ ತಾವು ವರ್ಷಗಳ ಹಿಂದೆಯೇ ಬರೆದಿಟ್ಟ ಮನೋವಿಶ್ಲೇಷಣೆಯನ್ನು ಅವನಿಗೇ ಓದಿ ಹೇಳುತ್ತಾರೆ. ವೈದ್ಯನಾಗಿ ಮ್ಯಾಕ್ಸ್ ವಾನ್ ಸಿಡೋ ಸಂಕೋಚದಿಂದ, ಮೆಲ್ಲಗೆ ಓದುತ್ತ ಹೋದಂತೆ ಜೆಫ್ರಿ ಡಿಮನ್ ಅವರ ಚಿಕಟಿಲೊ ಕುಸಿದು ಅಳುತ್ತಾನೆ. ಹೊಡೆತವಿಲ್ಲ, ಬೆದರಿಕೆಯಿಲ್ಲ. ನಿಜದಲ್ಲೂ ಅವನ ತಪ್ಪೊಪ್ಪಿಗೆ ಹೊರಬಿದ್ದದ್ದು ಹೀಗೆಯೇ.

ಚಿಕಟಿಲೊನನ್ನು 1994ರ ಫೆಬ್ರುವರಿ 14ರಂದು ಗುಂಡಿಕ್ಕಿ ಕೊಲ್ಲಲಾಯಿತು. ಮಕ್ಕಳ ಜೊತೆ ಕೂತು ನೋಡುವ ಚಿತ್ರ ಇದಲ್ಲ. ಉಳಿದವರು ಹುಡುಕಿಯಾದರೂ ನೋಡಬೇಕು. ಈ ಬಗೆಯ ಚಿತ್ರಗಳಲ್ಲಿ ತನಿಖೆಯ ಕಷ್ಟವನ್ನು ಇಷ್ಟು ಪ್ರಾಮಾಣಿಕವಾಗಿ ತೋರಿಸಿದವು ಬಹಳ ಕಡಿಮೆ.